ಬೆಂಡು ತಂತಿಗೆ ಸಿಕ್ಕ ಶನಿವಾರ

ಶನಿವಾರ, ಹನ್ನೊಂದು ಇಪ್ಪತ್ತು

ಕೆಟ್ಟದ್ದು ಶುರುವಾದದ್ದು ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಆಗಷ್ಟೇ ನಾನು ಕೈಗಡಿಯಾರ ನೋಡಿ, ಈ ಥಂಡಿಯಲ್ಲಿ ಇನ್ನೂ ಎಷ್ಟು ಹೊತ್ತು ಕೂಡಬೇಕಪ್ಪಾ ಎಂದು ಗೊಣಗಿದ್ದೆ. ನನ್ನ ಗೊಣಗಾಟ ಕೇಳಿಯೇ ಮಹಬೂಬ ಎದ್ದು ನಿಂತದ್ದು.

"ಈ ಜಾಗಾದಾಗ ಮೀನ ಇಲ್ಲೋ ಮಾಸ್ತರ. ನಡಿ, ಆ ಗಿಡದ ಬುಡಕ ಹೋಗೂಣು."

ಆ ಗಿಡದ ಮೇಲೆ ಕರೆಂಟಿನ ತಂತಿ ಹಾದಿತ್ತು. ಅದು ನನಗೂ ಕಾಣುತ್ತಿತ್ತು, ಅವನಿಗೂ ಕಾಣುತ್ತಿತ್ತು.

ಇಂಗ್ಲೆಂಡಿನಿಂದ ಬಂದ ಮೇಲೆ ಸಿಂದಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಿಂದ ನಮ್ಮ ಕಾಲೇಜಿನ ಸ್ಟಾಫ್‌ರೂಮಿನವರೆಗೆ ಎಲ್ಲರೂ ಕೇಳುವುದು ಒಂದೇ: "ಹ್ಯಾಂಗಿತ್ರಿ ಸರ್, ಫಾರೇನ್?" ಚಲೋ ಇತ್ತು ಎನ್ನಲು ಹೋಗುತ್ತೇನೆ, ಬಾಯಿಂದ ಸಿಡುಕು ಬರುತ್ತದೆ. ಲಂಡನ್ನಿನ ದೊಡ್ಡ ಗಡಿಯಾರ ನೋಡಿದೆನೇ? ನೋಡಿದೆ. ಹೇಗಿತ್ತೆಂದು ನೆನಪಿಲ್ಲ. ನೆನಪಿರುವುದು ಸೆವರ್ನ್ ನದಿಯ ದಂಡೆಯ ಒಂದು ಸಣ್ಣ ಊರು, ನೀರಿನ ಮೇಲೆ ಚಾಚಿದ ಒಂದು ಕಟ್ಟಿಗೆಯ ಅಟ್ಟಣಿಗೆ, ಅದರ ಮೇಲೆ ಇಬ್ಬರು ಓದಿದ ಮೂರ್ಖರು. ಅದನ್ನೇ ಬರೆಯುತ್ತೇನೆ. ಓದುವವರಿಗೂ ಸಿಟ್ಟು ಬಂದರೆ ಒಳ್ಳೆಯದೇ.

ಗುರುವಾರ, ಫ್ರಿಜ್ಜಿನೊಳಗೆ

ಮಹಬೂಬ ಭೀಮಾ ದಂಡೆಯ ದೇವಣಗಾಂವದವನು. ಇಂಡಿಯಲ್ಲಿ ಪಿಯುಸಿ ಓದುವಾಗ ನಾವಿಬ್ಬರೂ ಒಂದೇ ಖೋಲಿಯಲ್ಲಿದ್ದೆವು. ಅವನು ನರ್ಸಿಂಗ್ ಮುಗಿಸಿ ಆ ದೇಶಕ್ಕೆ ಹೋದ; ನಾಲ್ಕು ವರ್ಷದಿಂದ ಆ ಊರಿನ ವೃದ್ಧರ ಆರೈಕೆ ಮನೆಯಲ್ಲಿ ನರ್ಸು. ನಾನು ಬಸವನ ಬಾಗೇವಾಡಿಯಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ಸಿಂದಗಿಯಲ್ಲಿ ಪಿಯು ಮಕ್ಕಳಿಗೆ ಅದನ್ನೇ ಕಲಿಸುತ್ತ ಕೂತವನು. ಹೌದು, ಭೌತಶಾಸ್ತ್ರ. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಖೋಲಿಯಲ್ಲಿದ್ದಾಗ ಅವನದೊಂದು ಹಟವಿತ್ತು: "ನಿನಗ ಒಮ್ಮೆ ಭೀಮಾದಾಗ ಬೆಂಡ ನೋಡೂದು ಕಲಿಸ್ತೇನಿ." ಬೆಂಡು ಎಂದರೆ ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಡುವ ಹಗುರ ತುಂಡು. ಮೀನು ಕೆಳಗೆ ಗಾಳ ಕಚ್ಚಿದರೆ ಮೇಲೆ ಬೆಂಡು ಮುಳುಗುತ್ತದೆ. ಅದನ್ನು ನೋಡುತ್ತ ಕೂಡುವುದರಲ್ಲಿ ಇರುವ ಸುಖ ನಮ್ಮಂಥ ತತ್ತಿ ಸಹ ಹೊಸ್ತಿಲು ದಾಟದ ಮನೆಯವರಿಗೆ ತಿಳಿಯುವುದಿಲ್ಲ ಎಂದು ಅವನ ವಾದ. ಭೀಮಾದಲ್ಲಿ ಅದು ಆಗಲಿಲ್ಲ. ಈ ಸಲ ದಸರೆಯ ರಜೆಗೆ ನನ್ನನ್ನು ಕರೆಸಿಕೊಂಡವನು ಅಲ್ಲೇ ಆ ಕೆಲಸ ಮುಗಿಸುವುದೆಂದು ಠರಾಯಿಸಿಬಿಟ್ಟಿದ್ದ.

ಹೋದ ಮರುದಿನ ಬೆಳಿಗ್ಗೆ ಮೊಸರು ಹುಡುಕುತ್ತ ಅವನ ಫ್ರಿಜ್ಜು ತೆಗೆದೆ. ಎರಡು ಬಿಳಿ ಡಬ್ಬಿ. ಮೊದಲನೆಯದರ ಮುಚ್ಚಳ ತೆಗೆದರೆ ಒಳಗೆ ಅನ್ನ ಅಲುಗಾಡುತ್ತಿದೆ. ಅನ್ನವಲ್ಲ, ಹುಳ.

"ಲೇ ಮಹಬೂಬ! ಏನಲೇ ಇದು?"

"ಮುಚ್ಚೋ ಮಾರಾಯಾ, ಬೆಚ್ಚಗಾದ್ರ ಎಲ್ಲಾ ನೊಣ ಆಗಿ ಹಾರ್ತಾವ. ಶನಿವಾರಕ್ಕ ಮೀನದ ಊಟ ಅದು."

"ಮೊಸರಿನ ಬಾಜೂಕ ಇಟ್ಟಿಯಲ್ಲೋ!"

"ಮೊಸರ ನಿಂದು, ಹುಳ ಮೀನದ್ದು. ಡಬ್ಬಿ ಬ್ಯಾರೆ ಬ್ಯಾರೆ ಅದಾವಲ್ಲ. ಎರಡ ದಿನ ಸುಧಾರಿಸ್ಕೊ."

ಎರಡು ದಿನ ನಾನು ಒಯ್ದಿದ್ದ ಖಡಕ್ ರೊಟ್ಟಿಯ ಚೂರುಗಳನ್ನು ಇಂಡಿ ಲಿಂಬಿಕಾಯಿಯ ಉಪ್ಪಿನಕಾಯಿಗೆ ಹಚ್ಚಿಕೊಂಡು ತಿಂದೆ. ಮೊಸರು ಮುಟ್ಟಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಸಿಟ್ಟು ಎಂದರೆ ಏನೆಂದು ನನಗೆ ಆಗ ಗೊತ್ತೇ ಇರಲಿಲ್ಲ.

ಶುಕ್ರವಾರ, ಕೆನ್ ಅವರ ಷೆಡ್ಡು

ಕೆನ್ ಎಪ್ಪತ್ತು ದಾಟಿದ ಮುದುಕರು. ಅಲ್ಲಿ ಗಾಳ ಹಾಕುವವರದೇ ಒಂದು ಸಂಘವಿದೆ. ಅದರ ಪಾಲಿನ ದಂಡೆ ನೋಡಿಕೊಳ್ಳುವುದು ಇವರ ಕೆಲಸ, ಪಗಾರವಿಲ್ಲದ್ದು. ಅವರ ಹೆಂಡತಿಗೆ ಮರೆವಿನ ಬೇನೆಯಿತ್ತು. ಕೊನೆಯ ಎರಡು ವರ್ಷ ಆಕೆ ಮಹಬೂಬನ ಆರೈಕೆ ಮನೆಯಲ್ಲಿದ್ದರು. ಗಂಡನ ಹೆಸರು ಮರೆತ ಮೇಲೂ ಆಕೆ ಮಹಬೂಬನ ಕೈ ಮಾತ್ರ ಹಿಡಿಯುತ್ತಿದ್ದರಂತೆ. ಬತ್ತಿದ ಆ ಕೈಯಲ್ಲಿ ನರ ಹುಡುಕಿ ನೋವಾಗದಂತೆ ಸೂಜಿ ಹಾಕಲು ಅಲ್ಲಿ ಇವನೊಬ್ಬನಿಗೇ ಬರುತ್ತಿತ್ತು. ಆಕೆ ತೀರಿಕೊಂಡ ಮೇಲೆ ಕೆನ್ ಇವನನ್ನು ನದಿಗೆ ಕರೆದುಕೊಂಡು ಹೋಗಲು ಶುರುಮಾಡಿದ್ದರು.

ಷೆಡ್ಡಿನಲ್ಲಿ ಅವರು ಒಂದು ಹಳೆಯ ತಂಬಾಕಿನ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಒಳಗೆ ಸಾಲಾಗಿ ಬೆಂಡುಗಳು, ತುದಿಗೆ ಕೆಂಪು ಬಣ್ಣ. ನವಿಲುಗರಿಯ ದಂಟಿನಿಂದ ಅವರ ಅಪ್ಪ ಮಾಡಿದ್ದು; ಶನಿವಾರಕ್ಕೆಂದು ಒಂದನ್ನು ನಮಗೆ ಕೊಟ್ಟರು.

"ನಮ್ಮೂರಾಗೂ ಇದ ಮಾಡ್ತಿದ್ವಿ ನೋಡೋ!" ಮಹಬೂಬನ ಮುಖ ಅರಳಿತು. "ಹೊಲದಾಗ ಬಿದ್ದ ಗರಿ. ಅದು ಸಿಗಲಿಲ್ಲಂದ್ರ ಜೋಳದ ದಂಟಿನ ಬೆಂಡು." ಅದನ್ನೇ ಇಂಗ್ಲಿಷಿನಲ್ಲಿ ಕೆನ್‌ಗೆ ಹೇಳಿದ. ಇಂಗ್ಲೆಂಡಿನ ಮುದುಕನೂ ದೇವಣಗಾಂವದ ಹುಡುಗನೂ ಒಂದೇ ಗರಿಯನ್ನು ನೀರಿಗೆ ಬಿಟ್ಟು ಬೆಳೆದವರೆಂದು ಗೊತ್ತಾಗಿ ಇಬ್ಬರೂ ಸ್ವಲ್ಪ ಹೊತ್ತು ಮಕ್ಕಳಂತಾದರು. ಸೀಸದ ಸಣ್ಣ ಗುಂಡು ಎಷ್ಟು ಕಟ್ಟಿದರೆ ಕೆಂಪು ತುದಿಯಷ್ಟೇ ನೀರಿನ ಮೇಲೆ ನಿಲ್ಲುತ್ತದೆ ಎಂದು ಕೆನ್ ಬಕೇಟಿನಲ್ಲಿ ಇಳಿಸಿ ತೋರಿಸಿದರು. ಜಾಸ್ತಿಯಾದರೆ ಮುಳುಗುತ್ತದೆ, ಕಡಿಮೆಯಾದರೆ ಮೀನಿಗೆ ಬೆಂಡಿನ ಸೆಳೆತ ತಿಳಿದು ಉಗುಳಿಬಿಡುತ್ತದೆ. ನನಗೂ ಹಿಡಿಸಿತು. ತೇಲುವ ನಿಯಮ ನಾನು ಹಲಗೆಯ ಮೇಲೆ ಬರೆಯುವುದು ಹದಿನೈದು ವರ್ಷದಿಂದ. ಬಕೇಟಿನಲ್ಲಿ ನೋಡಿದ್ದು ಅಂದೇ.

ಕೋಲಿನ ಮಾತು ಬಂತು. ಮಹಬೂಬ ಬಿದಿರು ಕೇಳಿದ. ಗೋಡೆಗೆ ತೂಗುಹಾಕಿದ್ದ ಬಿದಿರು ಕೋಲುಗಳು ಬಹಳ ಹಳೆಯವು, ಮುರಿಯುತ್ತವೆ ಎಂದು ಕೆನ್ ಸಂಘದ ಕಪ್ಪು ಕಾರ್ಬನ್ ಕೋಲು ಕೊಟ್ಟರು. ಒಂದರೊಳಗೊಂದು ತೂರಿಸುವ ಎಂಟು ತುಂಡು. ಎಲ್ಲ ಜೋಡಿಸಿದರೆ ಮೂರು ಆಳಿನುದ್ದಕ್ಕಿಂತ ಹೆಚ್ಚು. ಎತ್ತಿದರೆ ಒಣ ಜೋಳದ ದಂಟಿನಷ್ಟು ಹಗುರ.

ಕೊಡುವ ಮೊದಲು ಅವರು ಕೋಲನ್ನು ಬಿಡದೆ ನಮ್ಮಿಬ್ಬರ ಮುಖ ನೋಡಿದರು. "ಇದು ಬಿದಿರಲ್ಲ, ನೆನಪಿಡಿ. ಇದು ಇದ್ದಿಲು. ಕರೆಂಟಿಗೆ ಇದೂ ಒಂದು ತಂತಿ. ಮೇಲೆ ತಂತಿ ಇರುವಲ್ಲಿ ಇದನ್ನು ಜೋಡಿಸಲೂ ಬೇಡಿ. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೆ ಕರೆಂಟೇ ಜಿಗಿದು ಬರುತ್ತದೆ."

ನಾನು ತಲೆಯಾಡಿಸಿದೆ. ಗ್ರಾಫೈಟ್ ಲೋಹವಲ್ಲ, ಆದರೂ ವಿದ್ಯುತ್ತು ಹರಿಯಬಿಡುತ್ತದೆ ಎಂದು ಪ್ರತಿ ವರ್ಷ ಬರೆಸುತ್ತೇನೆ. ಬರೆಯದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ಮತ್ತೆ ಶನಿವಾರ, ದಂಡೆ

ಬೆಳಿಗ್ಗೆ ಕೆನ್ ತಮ್ಮ ವ್ಯಾನಿನಲ್ಲಿ ಕರೆದುಕೊಂಡು ಹೋದರು. ದಂಡೆಯುದ್ದಕ್ಕೂ ನಂಬರು ಹಾಕಿದ ಕಟ್ಟಿಗೆಯ ಅಟ್ಟಣಿಗೆಗಳು, ಒಂದೊಂದಕ್ಕೆ ಒಬ್ಬೊಬ್ಬ. ನೂರು ಹೆಜ್ಜೆಗೆ ಒಬ್ಬರಂತೆ ಮುದುಕರು ಕೂತಿದ್ದಾರೆ. ಕೊಡೆಯಿದೆ, ಕುರ್ಚಿಯಿದೆ, ಚಹಾದ ಥರ್ಮಾಸಿದೆ, ಮಾತಿಲ್ಲ. ದೇವಣಗಾಂವದಲ್ಲಿ ಒಬ್ಬ ಗಾಳ ಹಾಕಿದರೆ ನಾಲ್ವರು ನಿಂತು ಉಪದೇಶ ಮಾಡುತ್ತಾರಂತೆ. ಇಲ್ಲಿ ಕೆಮ್ಮು ಬಂದರೂ ಜನ ಕ್ಷಮೆ ಕೇಳುತ್ತಾರೆ.

ನಮಗೆ ಕೊಟ್ಟ ಅಟ್ಟಣಿಗೆಯ ಆಚೆ ಒಂದು ಹಳದಿ ಬೋರ್ಡು. ಸಿಡಿಲು ಬಡಿದು ಬೀಳುತ್ತಿರುವ ಮನುಷ್ಯನ ಚಿತ್ರ. ಅದರಾಚೆ ನದಿ ದಾಟುವ ತಂತಿ, ಕಟ್ಟಿಗೆಯ ಕಂಬಗಳ ಮೇಲೆ. ಕೆನ್ ಎರಡನೆಯ ಸಲ ಹೇಳಿದರು, ಬೆರಳು ಮಾಡಿ ತೋರಿಸಿ ಹೇಳಿದರು: "ಈ ಬೋರ್ಡು ದಾಟಬೇಡಿ. ಅದು ಹನ್ನೊಂದು ಸಾವಿರ ವೋಲ್ಟು."

ಮಹಬೂಬ ಕೆನ್ ಕಡೆ ನೋಡಿ ನಗುತ್ತಲೇ ಕನ್ನಡದಲ್ಲಿ ನನಗೆ ಹೇಳಿದ: "ಈ ಮುದಕಗ ಬರೇ ಅಂಜಿಕಿ. ನಮ್ಮ ದಂಡಿಗಿ ಬಂದ್ರ ಎದಿ ಒಡಕೊಂಡ ಸಾಯ್ತಾನ."

ನಾನು ನಕ್ಕೆ. ಏನೋ ತಮಾಷೆ ಇರಬೇಕೆಂದು ಪಾಪ ಕೆನ್ ಕೂಡ ನಕ್ಕರು. ಮೂವರೂ ನಕ್ಕೆವು. ಆ ನಗೆ ನೆನಪಾದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಒಂದು ತಾಸು ಎಲ್ಲ ಸರಿಯಿತ್ತು. ಮಹಬೂಬ ನನ್ನ ಹಿಂದೆ ಕೂತು ಕಲಿಸಿದ. ಬೆಂಡು ಹರಿವಿನ ಜೊತೆಗೆ ಹೋಗಲಿ, ತಡೀಬ್ಯಾಡ. ಕಣ್ಣ ಕೆಂಪಿನ ಮ್ಯಾಲ ಇರಲಿ. ಹಂಗ ಗಟ್ಟಿ ಹಿಡೀಬ್ಯಾಡೋ, ಅದೇನ ಪರೀಕ್ಷಾದ ಪೇಪರೇನು? ಒಮ್ಮೆ ಕೆಂಪು ತುದಿ ನಡುಗಿತು, ಓರೆಯಾಯಿತು, ಮಾಯವಾಯಿತು. "ಎತ್ತ!" ಎಂದ. ಎತ್ತಿದೆ. ಬೆಳ್ಳಿಯ ಬಣ್ಣದ, ಗೇಣುದ್ದದ ಮೀನು. ನನ್ನ ಎದೆ ಹೊಡೆದುಕೊಂಡದ್ದು ಸುಳ್ಳಲ್ಲ. ಕೆನ್ ಬಂದು ಒದ್ದೆ ಕೈಯಲ್ಲಿ ಗಾಳ ಬಿಡಿಸಿ, ಮೀನಿಗೆ ಏನೋ ಮೆಲ್ಲಗೆ ಹೇಳಿ ನೀರಿಗೆ ಬಿಟ್ಟುಬಿಟ್ಟರು.

"ಬಿಡೂದಿದ್ರ ಹಿಡಿಯೂದ ಯಾಕ?" ಎಂದೆ.

"ಅದನ್ನ ನಾನೂ ಮೊದಲನೇ ದಿನದಿಂದ ಕೇಳಾಕತ್ತೇನಿ," ಮಹಬೂಬ ಹೇಳಿದ. "ಇವರು ಹೊಟ್ಟಿ ತುಂಬಿದ ಮಂದಿ."

ಆಮೇಲೆ ಕೆನ್ ಉಳಿದವರನ್ನು ನೋಡಿಬರಲು ನದಿಯ ತಿರುವಿನ ಕಡೆ ಹೋದರು. ಮೀನು ಕಚ್ಚುವುದು ನಿಂತಿತು. ನಾನು ಗಡಿಯಾರ ನೋಡಿದೆ.

ಬೋರ್ಡು ದಾಟಿ ಹೋದಾಗ "ಮುದುಕರು ಬ್ಯಾಡ ಅಂದಾರಲ್ಲೋ" ಎಂದು ನಾನು ಒಂದು ಮಾತು ಹೇಳಿದ್ದು ನಿಜ. ಹೇಳುವಷ್ಟು ಹೇಳಿ ಅವನ ಹಿಂದೆಯೇ ಹೋದದ್ದೂ ನಿಜ. "ಏನ ಆಗೂದಿಲ್ಲ ಬಿಡೋ," ಎಂದ. ನಮ್ಮ ಜಿಲ್ಲೆಯ ಗಂಡಸರ ಗೋರಿಯ ಮೇಲೆ ಬೇರೇನೂ ಬರೆಯಬೇಕಿಲ್ಲ, ಇದೊಂದೇ ಸಾಕು.

ಗಿಡದ ಬುಡದಲ್ಲಿ ಯಾರೂ ಬಳಸದ ಹಳೆಯ ಅಟ್ಟಣಿಗೆ ಇತ್ತು. ಅದರ ಮೇಲೆ ನಿಂತು ಮಹಬೂಬ ಏಳು ತುಂಡಷ್ಟೇ ಜೋಡಿಸಿದ ಕೋಲು ಬೀಸಿದ. ಬೆಂಡು ಮೇಲಕ್ಕೆ ಹಾರಿ ತಂತಿಗೆ ಸುತ್ತಿಕೊಂಡಿತು. ಎಳೆದ, ಬರಲಿಲ್ಲ. ದಾರ ಹರಿದು ಬಿಟ್ಟುಬಿಡು ಎಂದೆ.

"ಅವರಪ್ಪ ಮಾಡಿದ್ದೋ ಅದು. ಹ್ಯಾಂಗ ಬಿಡೂದು? ಆ ಕಡೀ ತುಂಡ ಕೊಡಿಲ್ಲಿ."

ಅವನು ಮಾಡಲು ಹೊರಟದ್ದೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಭೀಮಾ ದಂಡೆಯ ಪಂಪಸೆಟ್ಟಿನ ತಂತಿಗಳು ಕೈಗೆಟುಕುವಂತೆ ಜೋತಿರುತ್ತವೆ. ಬೆಂಡು ಸಿಕ್ಕರೆ ಒಣ ಬಿದಿರಿನಿಂದ ತಂತಿಯನ್ನೇ ಎತ್ತಿ ಕೊಡವಿ ಬಿಡಿಸುತ್ತಾರೆ. ಚಡಚಣದ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು ಬಂದರೆ ಹೇರಿನ ಮೇಲೆ ಕೂತವನು ಬಿದಿರಿನ ಗಳದಿಂದ ತಂತಿ ಎತ್ತಿಹಿಡಿದು ದಾಟಿಸುತ್ತಾನೆ. ಮುದ್ದೇಬಿಹಾಳದ ನನ್ನ ಮಾವನವರು ಫ್ಯೂಜು ತೆಗೆಯುವುದು ಒಣ ಕೋಲಿನಿಂದಲೇ. ನಾವೆಲ್ಲ ಅದನ್ನು ನೋಡುತ್ತ ಬೆಳೆದವರು, ಜಾಣತನವೆಂದು ತಿಳಿದವರು. ಜೋತ ತಂತಿಯನ್ನು ಬಿಗಿಯಿರಿ ಎಂದು ಜಗಳಾಡುವ ಬದಲು ಕೋಲು ಹಿಡಿಯುವುದನ್ನು ಕಲಿತ ಜನ. ಮಹಬೂಬನ ತೋಳು ಇಪ್ಪತ್ತು ಸಲ ಮಾಡಿದ ಕೆಲಸವನ್ನು ಇಪ್ಪತ್ತೊಂದನೆಯ ಸಲ ಮಾಡಿತು. ಕೈಯಲ್ಲಿದ್ದದ್ದು ಮಾತ್ರ ಬಿದಿರಾಗಿರಲಿಲ್ಲ.

ಆ ಕೊನೆಯ ತುಂಡನ್ನು ಎತ್ತಿ ಕೊಟ್ಟವನು ನಾನು. ಭೌತಶಾಸ್ತ್ರದ ಉಪನ್ಯಾಸಕ.

ಕೋಲು ತಂತಿಯನ್ನು ಮುಟ್ಟಿತೋ ಇಲ್ಲವೋ ನಾನು ನೋಡಲಿಲ್ಲ. ಬೆಳ್ಳಗೆ, ನೀಲಿಯಾಗಿ ಏನೋ ಆಯಿತು. ಕಲ್ಲಿನ ಖಣಿಯಲ್ಲಿ ಮದ್ದು ಹಾರಿದಂಥ ಸದ್ದು. ಕಣ್ಣು ಬಿಟ್ಟಾಗ ಕೋಲು ನೀರಿನಲ್ಲಿ ಹೊಗೆಯಾಡುತ್ತ ತೇಲುತ್ತಿತ್ತು. ಮಹಬೂಬ, ಯಾರೋ ಕೂಡು ಎಂದು ಹೇಳಿದಂತೆ, ಕೂತು ಹಾಗೇ ಹಿಂದಕ್ಕೆ ಒರಗಿದ್ದ. ಕೂಗಿದೆನೇ? ಕೂಗಿರಬೇಕು. ತಿರುವಿನಿಂದ ಕೆನ್ ಓಡಿಬಂದರು. ಮೊಣಕಾಲು ನೋವಿನ ಆ ಮುದುಕರು ಓಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ತಂತಿ ನೋಡಿದರು, ಕೋಲು ಎಲ್ಲಿದೆ ನೋಡಿದರು, ಆಮೇಲೆ ಅವನನ್ನು ಮುಟ್ಟಿದರು. ನಾಡಿ ಇತ್ತು, ಉಸಿರಿರಲಿಲ್ಲ. ಬಾಯಿಗೆ ಬಾಯಿ ಇಟ್ಟು ಊದಿದರು. ಊದಿದರು, ಎದೆ ನೋಡಿದರು, ಮತ್ತೆ ಊದಿದರು. ಎಷ್ಟು ಹೊತ್ತೋ. ಕೊನೆಗೆ ಮಹಬೂಬ ಕೆಮ್ಮಿದ.

ಅದೇ ಶನಿವಾರ, ಆಸ್ಪತ್ರೆ

ರಬ್ಬರಿನ ಬೂಟು, ಒಣಗಿದ ಕಟ್ಟಿಗೆಯ ಅಟ್ಟಣಿಗೆ, ಇವೆರಡು ಅವನನ್ನು ಪೂರ್ತಿ ಸುಡಲು ಬಿಡಲಿಲ್ಲ ಎಂದು ಡಾಕ್ಟರರು ಹೇಳಿದರು. ಬಲ ಅಂಗೈ ಒಳಗಿನವರೆಗೆ ಸುಟ್ಟಿತ್ತು, ಎಡಗಾಲ ಹಿಮ್ಮಡಿಯಲ್ಲಿ ಕರೆಂಟು ಹೊರಬಿದ್ದ ಗಾಯ. ಕಿರುಬೆರಳು ಉಳಿಯುವುದಿಲ್ಲ, ಹೆಬ್ಬೆರಳು, ತೋರುಬೆರಳು ಕಾದು ನೋಡಬೇಕು. ಸೂಜಿ ಹಿಡಿಯುವ ಬೆರಳುಗಳು ಅವೇ.

ಸಂಜೆ ತನಿಖೆಗೆಂದು ಒಬ್ಬ ಹೆಣ್ಣುಮಗಳು ಬಂದಳು. ನನಗೆ ಒಂದು ಕಪ್ ಚಹಾ ತಂದುಕೊಟ್ಟು, ಬಹಳ ಮೆಲ್ಲಗೆ ಕೇಳಿದಳು: "ತಂತಿಯ ಬಗ್ಗೆ ನಿಮಗೆ ಯಾರಾದರೂ ಎಚ್ಚರಿಕೆ ಕೊಟ್ಟಿದ್ದರೇ?"

"ಇಲ್ಲ," ಎಂದೆ.

ಯಾರೂ ಹೇಳಿಕೊಟ್ಟದ್ದಲ್ಲ. ಯೋಚಿಸಿ ಹೇಳಿದ್ದೂ ಅಲ್ಲ. ಸರಕಾರದವರು ಕೇಳಿದರೆ ಮೊದಲು ಇಲ್ಲ ಅನ್ನಬೇಕು, ಗೊತ್ತಿಲ್ಲರಿ ಅನ್ನಬೇಕು ಎಂಬುದು ನಮ್ಮ ನಾಲಗೆಗೆ ತಾನಾಗಿ ಬರುತ್ತದೆ. ಆಕೆ ಬರೆದುಕೊಂಡಳು.

ಮಂಗಳವಾರ

ಆ ಮೂರು ದಿನ ಮಹಬೂಬನ ಖೋಲಿಯಲ್ಲಿ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಆ ಬಿಳಿ ಬೆಳಕು. ಆಸ್ಪತ್ರೆಯಲ್ಲಿ ಅವನದೂ ಅದೇ ಪಾಡು. ನಾನು ಹೇಳಿಕೆ ಕೊಟ್ಟದ್ದನ್ನು ತಿಳಿಸಿದಾಗ ಅವನು ಎಡಗೈಯಿಂದ ನನ್ನ ಮುಂಗೈ ಒತ್ತಿದ.

"ಚಲೋ ಮಾಡಿದಿ. ಬೋರ್ಡ ದಾಟಿ ಹೋಗಿದ್ರು ಅಂತ ಬರದ್ರ ನರ್ಸಿನ ಕೆಲಸಕ್ಕ ಇಂವ ಲಾಯಕ್ಕಿಲ್ಲ ಅಂತಾರ. ಕೆಲಸ ಹೋತಂದ್ರ ವೀಸಾನೂ ಹೋತು."

ಮಧ್ಯಾಹ್ನ ಕೆನ್ ಬಂದರು. ಕ್ಷೌರ ಮಾಡಿಕೊಂಡಿರಲಿಲ್ಲ. ಸಂಘದವರು ತನಿಖೆ ಮುಗಿಯುವವರೆಗೆ ದಂಡೆಗೆ ಬರಬೇಡಿ ಎಂದಿದ್ದಾರಂತೆ. ಅದನ್ನು ದೂರಿನಂತೆ ಹೇಳಲಿಲ್ಲ. ಮಂಚದ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು: "ನಾನು ನಿಮಗೆ ಹೇಳಿದ್ದೆ, ಅಲ್ಲವೇ? ಷೆಡ್ಡಿನಲ್ಲಿ ಒಮ್ಮೆ, ದಂಡೆಯಲ್ಲಿ ಒಮ್ಮೆ. ಹೇಳಿದಂತೆ ನೆನಪಿದೆ. ಆದರೆ ನೀವು ಇಲ್ಲ ಎಂದಿರಂತೆ. ಈಗ ನನಗೇ ಖಾತ್ರಿಯಿಲ್ಲ."

ಮಹಬೂಬ ಕಣ್ಣು ಮುಚ್ಚಿ ಮಲಗಿದವನಂತೆ ಬಿದ್ದುಕೊಂಡ. ನಾನು ಕಿಟಕಿಯ ಕಡೆ ನೋಡಿ, "ಆ ದಿನದ್ದು ನನಗೂ ಸರಿಯಾಗಿ ನೆನಪಿಲ್ಲ," ಎಂದೆ. ಎರಡನೆಯ ಸುಳ್ಳು. ಮೊದಲನೆಯದು ಬಾಯಿ ತಪ್ಪಿ ಬಂದದ್ದು. ಇದನ್ನು ನಾನೇ ಹುಡುಕಿ, ಆರಿಸಿ ಹೇಳಿದೆ.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

"ಏಳಲೇ. ನಿದ್ದಿ ಬಂದಿಲ್ಲ ನಿನಗ, ಗೊತ್ತೈತಿ ನನಗ."

"ಮೆಲ್ಲಕ ಮಾತಾಡೋ."

"ಯಾಕ ಮೆಲ್ಲಕ? ಇಲ್ಲಿ ಯಾರಿಗಿ ಕನ್ನಡ ಬರ್ತೈತಿ? ಆ ಮನಷ್ಯಾ ನಿನ್ನ ಬಾಯಾಗ ತನ್ನ ಉಸಿರ ಹಾಕ್ಯಾನ. ಅವನ ಮುಂದ ಸತ್ತವರಂಗ ಬಿದ್ದಿಯಲ್ಲ!"

"ಇಲ್ಲ ಅಂದಾಂವ ನೀನೋ ನಾನೋ?"

"ನಾನ. ಚಲೋ ಮಾಡಿದಿ ಅಂದಾಂವ ಯಾರು?"

ಅವನು ಗೋಡೆಯ ಕಡೆ ಹೊರಳಿದ. "ನಿಂದೇನ ಹೋಗ್ತೈತಿ? ವಿಮಾನ ಹತ್ತಿ ಸಿಂದಗಿಗಿ ಹೋಗ್ತಿ. ನಾ ಈ ಕೈ ಹಿಡಕೊಂಡ ಎಲ್ಲಿಗಿ ಹೋಗ್ಲಿ?"

ಅವನು ಹೇಳಿದ್ದು ಖರೆ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಬಾಗಿಲು ದಢಾರನೆ ಹಾಕಿಕೊಂಡು ಹೋಗಬೇಕೆಂದರೆ ಆ ಆಸ್ಪತ್ರೆಯ ಬಾಗಿಲುಗಳು ತಾವಾಗಿಯೇ ನಿಧಾನವಾಗಿ ಮುಚ್ಚಿಕೊಳ್ಳುತ್ತವೆ. ಸಿಟ್ಟು ತೋರಿಸಲು ಕೂಡ ಆಸ್ಪದವಿಲ್ಲದ ದೇಶ.

ಗುರುವಾರ, ದೇವಣಗಾಂವದ ಫೋನು

ಐದು ದಿನ ಮಗ ಮಾತಾಡಿಲ್ಲವೆಂದು ಮಹಬೂಬನ ತಾಯಿ ಫೋನು ಮಾಡಿದರು. ಅವನನ್ನು ಎರಡನೆಯ ಶಸ್ತ್ರಚಿಕಿತ್ಸೆಗೆ ಒಯ್ದಿದ್ದರು. ಫೋನು ನನ್ನ ಕೈಯಲ್ಲಿತ್ತು.

"ಯಾರು, ಮಾಸ್ತರನ? ನಮ್ಮ ಹುಡುಗ ಎಲ್ಲಿ ಅದಾನೋ ಯಪ್ಪಾ?"

ಹೇಳಿದೆ. ಬೇರೆ ದಾರಿಯಿರಲಿಲ್ಲ.

ಆ ಕಡೆ ಕೋಳಿಗಳ ಸದ್ದಿನ ನಡುವೆ ಅವರು ಕೇಳಿದರು: "ಜೀವಕ್ಕ ಏನಿಲ್ಲ ಹೌದಿಲ್ಲ?"

"ಏನಿಲ್ರಿ ಅವ್ವಾರ. ಕಿರಿಬೆರಳ ಒಂದ ಹೋಗೈತ್ರಿ. ಉಳದದ್ದು ನೋಡಾಕತ್ತಾರ."

"ತಂತಿ ಎತ್ತಾಕ ಹೋಗಿದ್ನಾ?"

ಕರೆಂಟು ತಗಲಿತು ಎಂದಿದ್ದೆನೇ ಹೊರತು ತಂತಿ ಎತ್ತಿದ ಮಾತು ನಾನು ಆಡಿರಲಿಲ್ಲ.

"ಹೌದ್ರಿ."

"ಇವರಪ್ಪಂದೂ ಅದ ಚಾಳಿ ಇತ್ತು. ಬಡಕೊಂಡ ಬಡಕೊಂಡ ನನ್ನ ಬಾಯಿ ಹೋತು. ಅಲ್ಲಿ ಯಾರೂ ಹೇಳಲಿಲ್ಲೇನೋ ಅವಗ?"

"ಹೇಳಿದ್ರು," ಎಂದೆ. ಐದು ದಿನದಲ್ಲಿ ಆ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. "ಎರಡ ಸಲ ಹೇಳಿದ್ರು. ಒಬ್ರು ಮುದುಕರು. ಉಸಿರ ನಿಂತಾಗ ಬಾಯಿಗಿ ಬಾಯಿ ಹಚ್ಚಿ ಉಳಿಸಿದವರೂ ಅವರ ರಿ."

"ಅವರ ಕಾಲ ಹಿಡದ್ರೇನು ಇಬ್ರೂ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಯಾಕ ಸುಮ್ಮಾದಿ? ಮಾಸ್ತರಕಿ ಮಾಡ್ತಿ, ಇಷ್ಟೂ ತಿಳೀಲಿಲ್ಲಾ ನಿನಗ?" ಎಂದರು. ಆಮೇಲೆ ಅಳಲು ಶುರುಮಾಡಿದರು. ಫೋನು ಇಟ್ಟವರು ಅವರೇ.

ಮಹಬೂಬ ಎಚ್ಚರವಾದಾಗ ಅವನಿಗೆ ಆ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದೆ. ಹೊಸ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದರು. ಅವನು ಅದನ್ನು ನೋಡುತ್ತ ಕೇಳಿದ:

"ಆ ತನಿಖೆದಾಕಿ ನಂಬರ ಐತಿ ನಿನ್ನ ಹಂತೇಕ?"

"ಐತಿ."

"ಹಚ್ಚು," ಎಂದ. "ಮೊದಲ ನಾ ಹೇಳ್ತೇನಿ. ಆಮ್ಯಾಲ ನೀ ಹೇಳು."

ಶುಕ್ರವಾರ, ಕೆನ್ ಅವರ ಅಡುಗೆಮನೆ

ಹೇಳಿಕೆ ಬದಲಿಸಿ ಇಬ್ಬರೂ ಸಹಿ ಹಾಕಿದ್ದಾಯಿತು. ಆಕೆ ಬಯ್ಯಲೂ ಇಲ್ಲ, ಹೊಗಳಲೂ ಇಲ್ಲ. ಹೊಸ ಹಾಳೆಯಲ್ಲಿ ಬರೆದುಕೊಂಡು ಹೋದಳು. ನಾನು ಬಸ್ಸು ಹಿಡಿದು ಕೆನ್ ಮನೆಗೆ ಹೋದೆ.

ಆ ದೇಶದಲ್ಲಿ ಯಾರಾದರೂ ಸತ್ತ ಸುದ್ದಿ ತಂದರೂ ಮೊದಲು ಚಹಾಕ್ಕೆ ನೀರಿಡುತ್ತಾರೆ. ಕೆನ್ ಕೂಡ ಕೆಟಲಿನ ಗುಂಡಿ ಒತ್ತಿ ಹಾಲು ತೆಗೆಯಲು ತಿರುಗಿದರು. ನಾನು ನಿಂತುಕೊಂಡೇ ಹೇಳಿದೆ: ನೀವು ಹೇಳಿದ್ದಿರಿ, ಎರಡು ಸಲ. ನಾವು ಕೇಳಿದ್ದೆವು, ಅರ್ಥವೂ ಆಗಿತ್ತು, ಮತ್ತು ನಕ್ಕಿದ್ದೆವು. ಕೊನೆಯ ತುಂಡು ಕೊಟ್ಟವನು ನಾನು. ಸುಳ್ಳು ಹೇಳಿದವನೂ ನಾನು.

ಅವರು ಕೆಟಲನ್ನು ಆರಿಸಿದರು. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಬುಧವಾರಕ್ಕೆ ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಬೆರಳಿಟ್ಟು ತೋರಿಸಿದರು.

"ಓದು. ಗಟ್ಟಿಯಾಗಿ ಓದು."

ಓದಿದೆ. ನೆನಪಿನ ಪರೀಕ್ಷೆ, ಹತ್ತೂವರೆಗೆ.

"ನನಗೂ ಶುರುವಾಯಿತು ಎಂದುಕೊಂಡೆ," ಅವರ ದನಿ ಏರಿತು. "ಅವಳದೂ ಹೀಗೇ ಶುರುವಾದದ್ದು. ಹೇಳಿದೆ ಅನ್ನುವಳು, ಹೇಳಿರುತ್ತಿರಲಿಲ್ಲ. ಒಂದು ವಾರ! ಒಂದು ವಾರ ನಾನು ಈ ಕುರ್ಚಿಯಲ್ಲಿ ಕೂತು ನನ್ನ ಮನೆ ನಂಬರು, ನನ್ನ ಮಗಳ ಹುಟ್ಟಿದ ದಿನ, ಎಲ್ಲ ನನಗೆ ನಾನೇ ಕೇಳಿಕೊಂಡಿದ್ದೇನೆ. ನಿನಗೆ ಒಂದು 'ಹೌದು' ಎನ್ನಲು ಒಂದು ವಾರ ಬೇಕಾಯಿತೇ?"

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಮಹಬೂಬ. "ಫೋನ ಅವರ ಕೈಯಾಗ ಕೊಡು," ಎಂದ. "ನಿನ್ನೊಬ್ಬನ್ನ ಬೈಯಾಕ ಬಿಡಾಂಗಿಲ್ಲ."

ಕೊಟ್ಟೆ. ಕೆನ್ ಫೋನನ್ನು ಬಾಯಿಯ ಮುಂದೆ ಹಿಡಿದು ಬೈದರು. ಒಂದು ಬೆಂಡಿಗಾಗಿಯೇ? ನನ್ನ ಹತ್ತಿರ ನೂರು ಬೆಂಡು ಇವೆ, ಮೂರ್ಖಾ! ನಿನ್ನ ಬಾಯಿಯಲ್ಲಿ ಉಸಿರು ಹಾಕುವಾಗ ನನ್ನ ಹೆಂಡತಿಯ ಕೈ ನೆನಪಿತ್ತು ನನಗೆ, ನಿನಗೆ ಏನು ನೆನಪಿತ್ತು? ಆ ಕಡೆಯಿಂದ ಮಹಬೂಬನ ದನಿ ಒಂದೇ ಮಾತು ಹೇಳುತ್ತಿತ್ತು: ಹೌದು ಕೆನ್. ಹೌದು ಕೆನ್. ಬೈಯುತ್ತ ಬೈಯುತ್ತ ಅವರ ಮುಖ ಕೆಂಪಾಯಿತು. ಮೇಜಿಗೆ ಒಮ್ಮೆ ಗುದ್ದಿದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೊನೆಗೆ ಫೋನು ನನ್ನ ಕೈಗಿಟ್ಟು, ಬಾಗಿಲು ತೆಗೆದು ಹಿಡಿದರು.

ಒಂದು ಮಾತು ಹೇಳಬೇಕು. ಆ ಒಂದು ವಾರ ಎಲ್ಲರೂ ನಮಗೆ ಮರುಗಿದ್ದರು: ಡಾಕ್ಟರು, ನರ್ಸುಗಳು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿ. ಪ್ರತಿ ಮರುಕವೂ ಕದ್ದ ಮಾಲಿನಂತಿತ್ತು. ನಮಗೆ ಸಲ್ಲಬೇಕಾದದ್ದನ್ನು ಕೊಟ್ಟವರು ಆ ಮುದುಕರೊಬ್ಬರೇ.

ಶನಿವಾರ

ನಾನು ಊರಿಗೆ ಮರಳಿದ ಮೇಲೂ ಮಹಬೂಬನ ಕೆಲಸದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಹೆಬ್ಬೆರಳು ಬಾಗುತ್ತದೆ, ತೋರುಬೆರಳಿಗೆ ಸ್ಪರ್ಶ ಬಂದಿಲ್ಲ; ಇದು ನಿನ್ನೆ ಅವನು ಫೋನಿನಲ್ಲಿ ಹೇಳಿದ್ದು. ಕೆನ್ ದಂಡೆಗೆ ಮರಳಿದ್ದಾರೆ, ಮಹಬೂಬನಿಗೆ ಇನ್ನೂ ಫೋನು ಮಾಡಿಲ್ಲ. ಸಿಂದಗಿಯಲ್ಲಿ ನಾನು ಜೋತ ತಂತಿ ಕಂಡಲ್ಲೆಲ್ಲ ಅರ್ಜಿ ಬರೆಯುತ್ತೇನೆ. ಕೋಲು ಹಿಡಿದವರ ಜೊತೆ ನಡುದಾರಿಯಲ್ಲಿ ನಿಂತು ಜಗಳಾಡುತ್ತೇನೆ. ಮಾಸ್ತರಗ ಇಂಗ್ಲೆಂಡಿಗಿ ಹೋಗಿ ತಲಿ ಕೆಟ್ಟೈತಿ ಅನ್ನುತ್ತಾರೆ. ಅನ್ನಲಿ.

ಆದರೆ ಆ ಶುಕ್ರವಾರ ಕೆನ್ ಮನೆಯಿಂದ ಬಂದವನು ಹೊದಿಕೆ ಹೊದ್ದು ಕಣ್ಣು ಮುಚ್ಚಿದೆ, ಬಿಳಿ ಬೆಳಕು ಬರಲಿಲ್ಲ. ಕಣ್ಣು ತೆರೆದಾಗ ಶನಿವಾರದ ಬಿಸಿಲು ಗೋಡೆಯ ಮೇಲಿತ್ತು. ಇಷ್ಟು ಹೊತ್ತು ಮಲಗಿದೆನೇ ಎಂದು ಗಾಬರಿಯಾಗಿ ಆಸ್ಪತ್ರೆಗೆ ಓಡಿದೆ. ವಾರ್ಡಿನ ಬಾಗಿಲಲ್ಲಿ ನರ್ಸು ಬೆರಳನ್ನು ತುಟಿಗಿಟ್ಟು ನನ್ನನ್ನು ತಡೆದಳು. ಮಾತ್ರೆ ಕೊಡಲು ಎರಡು ಸಲ ಎಬ್ಬಿಸಿದಳಂತೆ. ಅವನು ಹೊರಳಿ ಮತ್ತೆ ಗೊರಕೆ ಹೊಡೆದನಂತೆ.